ಮಂದಿಗೆ ಹಾಜರಿ, ತನಗೆ ಗೈರು

ಕಾಲೇಜು ಕಚೇರಿಗೆ ಹೊಸದಾಗಿ ಬಂದು ಕುಳಿತಿರುವ ತಮ್ಮ ತಂಗಿಯರೇ, ನಿಮಗೆ ಯಾರೂ ಹೇಳದ ಮಾತೊಂದನ್ನು ಮೊದಲೇ ಹೇಳಿಬಿಡುತ್ತೇನೆ. ಹುಡುಗರನ್ನು ಕಾಲೇಜಿಗೆ ಸೇರಿಸಿಕೊಳ್ಳುವುದು ಸುಲಭ, ಹೊರಗೆ ಹಾಕುವುದು ಮಹಾ ತ್ರಾಸಿನ ಕೆಲಸ. ಸೇರಿಸಿಕೊಳ್ಳಲು ಒಂದು ಫೋಟೊ, ಒಂದು ಟಿಸಿ, ಒಂದು ಸಹಿ ಸಾಕು. ಹೊರಗೆ ಹಾಕಲು ಸಮಿತಿ ಬೇಕು, ಸಮಿತಿಗೆ ಸಭೆ ಬೇಕು, ಸಭೆಗೆ ಚಹಾ ಬೇಕು, ಚಹಾದ ಜೊತೆ ಮಿರ್ಚಿ-ಮಂಡಕ್ಕಿ ಬೇಕು. ಬಿಸಿ ಮಿರ್ಚಿ ಹೊಟ್ಟೆಗೆ ಹೋದ ಮೇಲೆ ಯಾವ ಸದಸ್ಯರಿಗೂ ಯಾರನ್ನೂ ಹೊರಗೆ ಹಾಕುವ ಹುಮ್ಮಸ್ಸು ಉಳಿಯುವುದಿಲ್ಲ. ಇಷ್ಟು ವರ್ಷ ಟಿಪ್ಪಣಿ ಬರೆದುಕೊಳ್ಳುತ್ತಾ ನಾನು ಕಣ್ಣಾರೆ ಕಂಡದ್ದು ಇದು.

ನನ್ನ ಮನೆ ಹಾವೇರಿಯಲ್ಲಿ. ಮೊದಲು ರಾಣೆಬೆನ್ನೂರಿನ ಕಾಲೇಜೊಂದರಲ್ಲಿದ್ದೆ, ಆಮೇಲೆ ನಿವೃತ್ತಿಯವರೆಗೂ ಬ್ಯಾಡಗಿಯಲ್ಲಿ. ಬಡ್ತಿಯ ಕಥೆ ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ಒಮ್ಮೆ ಬಡ್ತಿ ಬಂದಾಗ ಕೈ ಇರುವ ಕುರ್ಚಿ ಬಂತು, ಇನ್ನೊಮ್ಮೆ ಬಂದಾಗ ಫ್ಯಾನಿನ ಕೆಳಗೆ ಜಾಗ ಸಿಕ್ಕಿತು, ಅಷ್ಟೇ. ಕೆಲಸ ಮಾತ್ರ ಅದೇ. ಯಾರು ಕ್ಲಾಸಿಗೆ ಬರುತ್ತಿಲ್ಲ, ಯಾರಿಗೆ ಎಚ್ಚರಿಕೆ ಕೊಡಬೇಕು, ಯಾರ ಹೆಸರು ತೆಗೆಯಬೇಕು ಎಂದು ನೋಡಿಕೊಳ್ಳುವುದು. ಹುಡುಗರು ಎದುರಿಗೆ ನನ್ನನ್ನು ‘ಅಕ್ಕಾರ’ ಎನ್ನುತ್ತಿದ್ದರು. ಹಿಂದಿನಿಂದ ಏನೆನ್ನುತ್ತಿದ್ದರೋ, ಕೇಳಿಸಿಕೊಳ್ಳುವ ಗೋಜಿಗೆ ನಾನು ಹೋಗಲಿಲ್ಲ.

ನಿಯಮ ಸರಳ. ಮುಕ್ಕಾಲು ಪಾಲು ಕ್ಲಾಸಿಗೆ ಬರಬೇಕು. ಒಂದು ಸೆಮಿಸ್ಟರಿನಲ್ಲಿ ಅದು ಕಡಿಮೆಯಾದರೆ ವಿದ್ಯಾರ್ಥಿಯನ್ನು ‘ನಿಗಾ’ದಲ್ಲಿ ಇಡುತ್ತೇವೆ, ಮನೆಗೆ ಪತ್ರ ಹೋಗುತ್ತದೆ. ನಿಗಾದಲ್ಲಿದ್ದೂ ಮುಂದಿನ ಸೆಮಿಸ್ಟರಿನಲ್ಲಿ ಅದೇ ರಾಗ ತೆಗೆದರೆ ತಂದೆಯನ್ನು ಕರೆಸಿ, ಸಮಿತಿಯ ಮುಂದೆ ನಿಲ್ಲಿಸಿ, ಹೆಸರು ತೆಗೆದುಹಾಕುತ್ತೇವೆ. ಕಾಗದದ ಮೇಲೆ ಇದು ಎಷ್ಟು ಚಂದ ಕಾಣುತ್ತದೆ ನೋಡಿ. ಮನುಷ್ಯರ ಕೈಗೆ ಬಂದ ಕೂಡಲೇ ಕೆಡುತ್ತದೆ.

ಉದಾಹರಣೆಗೆ ಆ ಪತ್ರವನ್ನೇ ತೆಗೆದುಕೊಳ್ಳಿ. ನನ್ನ ಮೊದಲ ಪ್ರಿನ್ಸಿಪಾಲರಿಗೆ ಭಾರೀ ಭಾಷೆಯ ಹುಚ್ಚು. “ತಮ್ಮ ಸುಪುತ್ರನನ್ನು ಮಹಾವಿದ್ಯಾಲಯವು ತನ್ನ ವಿಶೇಷ ನಿಗಾದಲ್ಲಿ ಇರಿಸಿಕೊಂಡಿದೆ ಎಂದು ತಿಳಿಯಪಡಿಸಲಾಗಿದೆ” ಎಂದು ಅವರೇ ಬರೆದುಕೊಟ್ಟಿದ್ದರು. ಆ ಪತ್ರ ಅಗಡಿ ಊರಿನ ಒಬ್ಬ ತಂದೆಗೆ ಹೋಯಿತು. ವಾರದೊಳಗೆ ಆ ಯಜಮಾನರು ಇಸ್ತ್ರಿ ಮಾಡಿದ ಧೋತರ ಉಟ್ಟು, ಪೇಢೆಯ ಡಬ್ಬಿ ಹಿಡಿದು ಕಚೇರಿಗೆ ಬಂದರು. ಇಷ್ಟು ಹುಡುಗರಲ್ಲಿ ತಮ್ಮ ಮಗನನ್ನೇ ಆರಿಸಿ ವಿಶೇಷವಾಗಿ ನೋಡಿಕೊಳ್ಳುತ್ತಿದ್ದಾರೆಂದು ಊರಿಗೆಲ್ಲ ಪೇಢೆ ಹಂಚಿ, ಉಳಿದದ್ದನ್ನು ನಮಗೆ ತಂದಿದ್ದರು. ನಾನು ಬಾಯಿ ತೆರೆದು ವಿಷಯ ಹೇಳಬೇಕೆನ್ನುವಷ್ಟರಲ್ಲಿ ಬಾಯಿಗೆ ಪೇಢೆ ಬಿದ್ದಿತ್ತು. ಪೇಢೆ ಬಾಯಲ್ಲಿಟ್ಟುಕೊಂಡು “ನಿಮ್ಮ ಮಗ ಉಡಾಳ” ಎಂದು ಹೇಗೆ ಹೇಳುವುದು? ನುಂಗಿದ ಮೇಲೆ ಹೇಳೋಣವೆಂದರೆ ಇನ್ನೊಂದು ಕೊಟ್ಟರು. ಕೊನೆಗೆ ಪ್ರಿನ್ಸಿಪಾಲರ ಕೋಣೆ ತೋರಿಸಿ ಕೈತೊಳೆದುಕೊಂಡೆ. ಅವರೂ ಪೇಢೆ ತಿಂದು, ಹುಡುಗನನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆಂದು ಮಾತು ಕೊಟ್ಟು ಕಳಿಸಿದರು. ಮರುದಿನ ನಾನೇ ಪತ್ರ ತಿದ್ದಿ ಬರೆದೆ: “ನಿಮ್ಮ ಮಗ ಕ್ಲಾಸಿಗೆ ಬರುತ್ತಿಲ್ಲ, ಬೈಯಿರಿ.” ಪ್ರಿನ್ಸಿಪಾಲರು ‘ಬೈಯಿರಿ’ ಎನ್ನುವುದನ್ನು ಹೊಡೆದುಹಾಕಿ ಸಹಿ ಮಾಡಿದರು.

ಹಾಜರಿ ಹಾಕುವ ರೀತಿಯೂ ನನ್ನ ಕಣ್ಣೆದುರಿಗೇ ಬದಲಾಗುತ್ತಾ ಹೋಯಿತು. ಹೆಬ್ಬೆರಳು ಒತ್ತುವ ಯಂತ್ರ ಬಂದಾಗ ನಾವೆಲ್ಲ ಅದಕ್ಕೆ ಕುಂಕುಮ ಹಚ್ಚಿ, ಹೂ ಏರಿಸಿ, ಕಾಯಿ ಒಡೆದೆವು. ಇನ್ನು ಕಳ್ಳಾಟ ನಡೆಯುವುದಿಲ್ಲ ಎಂದು ಭಾಷಣವೂ ಆಯಿತು. ಆದರೆ ನಮ್ಮ ಕಾಲೇಜು ಇದ್ದದ್ದು ಮೆಣಸಿನಕಾಯಿಯ ಊರಾದ ಬ್ಯಾಡಗಿಯಲ್ಲಿ. ಸುಗ್ಗಿ ಶುರುವಾದರೆ ಅರ್ಧ ಹುಡುಗ ಹುಡುಗಿಯರು ಬೆಳಗ್ಗೆ ಮನೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿಯೇ ಕಾಲೇಜಿಗೆ ಬರುವವರು. ಅವರ ಹೆಬ್ಬೆರಳಿನ ಗೆರೆ ಸವೆದು, ಮೇಲೆ ಕೆಂಪು ಮೆತ್ತಿಕೊಂಡು, ಯಂತ್ರಕ್ಕೆ ಅದು ಬೆರಳೋ ಬದನೆಕಾಯಿಯೋ ತಿಳಿಯುತ್ತಿರಲಿಲ್ಲ. ತಪ್ಪದೆ ಕ್ಲಾಸಿಗೆ ಬರುವ ಹುಡುಗಿಯರು ಗೈರು ಎಂದು ಬರುತ್ತಿತ್ತು. ಮನೆಯಲ್ಲಿ ಕಡ್ಡಿ ಎತ್ತಿ ಇಡದ ಸೋಮಾರಿಗಳ ಬೆರಳನ್ನು ಮಾತ್ರ ಅದು ಲಗೂನೆ ಓದಿಕೊಳ್ಳುತ್ತಿತ್ತು. ಕೊನೆಗೆ ಆ ಹುಡುಗಿಯರ ಗುಂಪು ನನ್ನ ಮೇಜಿನ ಸುತ್ತ ನಿಂತು ಜಗಳ ತೆಗೆದ ಮೇಲೆ ಯಂತ್ರಕ್ಕೆ ಬಟ್ಟೆ ಮುಚ್ಚಿ ಕಪಾಟಿನ ಮೇಲಿಟ್ಟೆವು.

ಆಗ ಇದ್ದವರು ಪಾಟೀಲ ಪ್ರಿನ್ಸಿಪಾಲರು, ನನ್ನ ಕೊನೆಯ ಸಾಹೇಬರು. ಮನುಷ್ಯ ಬಂಗಾರ, ನಿಯಮದ ವಿಷಯ ಬಂದರೆ ಮಾತ್ರ ಕಬ್ಬಿಣ. ಯಂತ್ರ ಹೋದದ್ದಕ್ಕೆ ಅವರು ಒಂದು ಆಜ್ಞೆ ಹೊರಡಿಸಿದರು: ಇನ್ನು ಮೇಲೆ ಹಾಜರಿಯನ್ನು ನಂಬರಿನಿಂದ ಕೂಗಬಾರದು, ಹೆಸರು ಹಿಡಿದು ಕೂಗಬೇಕು, ಮಕ್ಕಳೇನು ಜೈಲಿನ ಕೈದಿಗಳೇ, ಅಧ್ಯಾಪಕರು ಒಬ್ಬೊಬ್ಬರನ್ನೂ ಹೆಸರಿನಿಂದ ಗುರುತಿಸಬೇಕು. ಒಳ್ಳೆಯ ಉದ್ದೇಶವೇ. ಅದೇ ನಮ್ಮನ್ನು ಮಾಲತೇಶನ ಪ್ರಕರಣಕ್ಕೆ ತಂದು ಸಿಕ್ಕಿಸಿತು.

ಮಾಲತೇಶ ಮೋಟೆಬೆನ್ನೂರಿನ ಹುಡುಗ, ಬಿ.ಕಾಂ. ಮೊದಲ ವರ್ಷ. ತಂದೆ ಹನುಮಂತಪ್ಪನವರಿಗೆ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ. ಮೊದಲ ಸೆಮಿಸ್ಟರಿನಲ್ಲಿ ಮಾಲತೇಶನ ಹಾಜರಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ನಿಗಾದಲ್ಲಿಟ್ಟೆವು. ಎರಡನೆಯದರಲ್ಲಿ ಇನ್ನೂ ಕಡಿಮೆ. ಹೆಸರು ತೆಗೆಯುವ ಸಭೆಗೆ ತಂದೆಯನ್ನು ಕರೆದುಕೊಂಡು ಬಾ ಎಂದು ಹೇಳಿ ಕಳಿಸಿದೆ. ಆ ಮಧ್ಯಾಹ್ನವೇ ಅವನು ನನ್ನ ಮೇಜಿನ ಮುಂದೆ ಬಂದು ನಿಂತ. ಸಪೂರ ದೇಹ, ಎಣ್ಣೆ ಹಚ್ಚಿ ಬಾಚಿದ ತಲೆ, ಬೈದರೂ ತಲೆಯಾಡಿಸುವ ಮುಖ.

“ಅಕ್ಕಾರ, ಹೆಸರು ತಗದ್ರ ನಮ್ಮಪ್ಪ ನನ್ನ ಅಂಗಡ್ಯಾಗ ಕುಂದ್ರಸ್ತಾನ್ರಿ” ಎಂದ.

ಕುಂದ್ರಸಲಿ, ಒಳ್ಳೆಯದೇ ಆಯಿತಲ್ಲ, ಕಾಲೇಜಿಗಂತೂ ನೀನು ಬರುವುದಿಲ್ಲ ಎಂದು ನಾನು ಗದರಿದೆ. ಅವನು ಉತ್ತರ ಕೊಡುವ ಮೊದಲೇ ಹೊರಗೆ ರಸ್ತೆಯಲ್ಲಿ ಮೆಣಸಿನಕಾಯಿ ಚೀಲ ಹೇರಿದ ಟ್ರ್ಯಾಕ್ಟರೊಂದು ಹಾದುಹೋಯಿತು. ಹುಡುಗ ಸೀನತೊಡಗಿದ. ಮೊದಲು ಬೆಕ್ಕಿನ ಮರಿಯಂತೆ ಸಣ್ಣ ಸಣ್ಣ ಸೀನು, ಆಮೇಲೆ ಮೇಜಿನ ಮೇಲಿನ ಕಾಗದ ಹಾರಿಹೋಗುವಂಥದ್ದೊಂದು. ಅದು ಮುಗಿದ ಮೇಲೆ ಕೈಮುಗಿದು “ತಪ್ಪಾತ್ರಿ” ಎಂದ. ಮತ್ತೆ ಸೀನಿದ, ಮತ್ತೆ “ತಪ್ಪಾತ್ರಿ” ಎಂದ. ಟ್ರ್ಯಾಕ್ಟರು ಆಚೆ ಓಣಿಗೆ ತಿರುಗುವವರೆಗೂ ಇದೇ ನಡೆಯಿತು.

“ನೋಡಿದ್ರೆಲ್ರಿ” ಎಂದ ಮೂಗು ಒರೆಸಿಕೊಳ್ಳುತ್ತಾ. “ರೋಡಿನ್ಯಾಗ ಹೋದ್ರ ಹಿಂಗ. ಅಂಗಡ್ಯಾಗ ಕುಂತ್ರ ಸೀನಿ ಸೀನಿ ಸಾಯ್ತೇನ್ರಿ.”

ನನಗೆ ನಗು ತಡೆಯಲಾಗಲಿಲ್ಲ, ಪಾಪ ಅಂತಲೂ ಅನಿಸಿತು. ಮೆಣಸಿನಕಾಯಿ ಊರಿನಲ್ಲಿ, ಮೆಣಸಿನಕಾಯಿ ವ್ಯಾಪಾರದ ಮನೆಯಲ್ಲಿ ಹುಟ್ಟಿ, ಮೆಣಸಿನಕಾಯಿ ಆಗದ ಹುಡುಗ. ಅವನಿಗೆ ಕಾಲೇಜು ಬಿಟ್ಟರೆ ಉಸಿರಾಡಲು ಬೇರೆ ಜಾಗವಿರಲಿಲ್ಲ. ಮತ್ತೆ ಕ್ಲಾಸಿಗೆ ಯಾಕೆ ಬರಲಿಲ್ಲ, ಎಲ್ಲಿದ್ದೆ ಎಂದು ಕೇಳಿದರೆ “ಕಾಲೇಜಿನ್ಯಾಗ ಇದ್ದೆರಿ” ಎಂದ. ಕಾಲೇಜಿನಲ್ಲಿ ಎಲ್ಲಿ ಎಂದರೆ ತಲೆ ತಗ್ಗಿಸಿದ. ಎಷ್ಟು ಕೆದಕಿದರೂ ಬಾಯಿ ಬಿಡಲಿಲ್ಲ.

ಸಭೆಯ ದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ಮೂವರು ಸದಸ್ಯರು: ವಾಣಿಜ್ಯದ ಸರ್, ಇತಿಹಾಸದ ಮೇಡಂ, ಕನ್ನಡದ ಸರ್. ಮೂಲೆಯಲ್ಲಿ ಟಿಪ್ಪಣಿ ಬರೆಯಲು ನಾನು. ಹನುಮಂತಪ್ಪನವರು ಹರಾಜು ಮುಗಿಸಿ ಮಾರುಕಟ್ಟೆಯಿಂದ ನೆಟ್ಟಗೆ ಬಂದಿದ್ದರು. ಬಿಳಿ ಅಂಗಿಯ ತುಂಬ ಕೆಂಪು ಧೂಳು. ಮಗನ ಪಕ್ಕದ ಕುರ್ಚಿಯಲ್ಲಿ ಕುಳಿತು, ಮೈಮೇಲಿನ ಟವೆಲ್ ತೆಗೆದು ಒಮ್ಮೆ ಝಾಡಿಸಿದರು.

ಅಷ್ಟೇ ಸಾಕಾಯಿತು. ಮಾಲತೇಶ ಶುರು ಮಾಡಿದ. ಸಣ್ಣ ಸೀನು, ದೊಡ್ಡ ಸೀನು, “ತಪ್ಪಾತ್ರಿ”. ಮೊಬೈಲ್ ನೋಡುತ್ತಾ ಕುಳಿತಿದ್ದ ಇತಿಹಾಸದ ಮೇಡಂ ತಟ್ಟನೆ ತಲೆಯೆತ್ತಿದರು.

“ಮಹೇಶ, ನೀ ಯಾಕ ಬಂದೀಯೋ ಇಲ್ಲೆ?” ಎಂದು ಕೇಳಿದರು. ಆಮೇಲೆ ಪ್ರಿನ್ಸಿಪಾಲರ ಕಡೆ ತಿರುಗಿ, ಇವನು ನನ್ನ ಬಿ.ಎ. ಹುಡುಗ, ಒಂದು ದಿನ ಕ್ಲಾಸು ತಪ್ಪಿಸಿದವನಲ್ಲ, ಇವನನ್ನು ಯಾಕೆ ಕರೆಸಿದ್ದೀರಿ ಎಂದು ಜಗಳಕ್ಕೇ ಇಳಿದರು.

ಕನ್ನಡದ ಸರ್ ಕನ್ನಡಕ ಏರಿಸಿಕೊಂಡರು. “ಮಹೇಶ ಅಲ್ರಿ ಮೇಡಂ. ಇಂವ ಚನ್ನಬಸು. ಈ ಸೀನು ನನಗ ಗೊತ್ತಿಲ್ಲೇನ್ರಿ? ದಿನಾ ಮುಂದಿನ ಬೆಂಚಿನ್ಯಾಗ ಕುಂತು ನನ್ನ ಪಾಠದ ನಡು ಸೀನ್ತಾನ.”

ವಾಣಿಜ್ಯದ ಸರ್ ಮಾತ್ರ ಹುಡುಗನನ್ನು ಮೇಲಿಂದ ಕೆಳಗೆ ನೋಡಿ, ಮಾಲತೇಶನೆಂಬ ವಿದ್ಯಾರ್ಥಿ ತಮ್ಮ ವಿಭಾಗದಲ್ಲಿ ಇರುವುದು ನಿಜ, ಆದರೆ ಈ ಮುಖವನ್ನು ತಾವು ಇವತ್ತೇ ಮೊದಲು ನೋಡುತ್ತಿರುವುದು ಎಂದರು. ಎಲ್ಲಕ್ಕಿಂತ ಹೆಚ್ಚು ಗಾಬರಿಯಾದವರು ಹನುಮಂತಪ್ಪನವರು. ಇವನು ಮಹೇಶನೂ ಅಲ್ಲ, ಚನ್ನಬಸುವೂ ಅಲ್ಲ, ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಾಲತೇಶ ಎಂದು ಎದ್ದು ನಿಂತು, ಆಧಾರ್ ಕಾರ್ಡ್ ತೋರಿಸಲು ಮಗನ ಕಿಸೆಗೇ ಕೈ ಹಾಕಿದರು.

ಆಗ ವಿಷಯ ಹೊರಬಿತ್ತು. ಮಹೇಶ, ಚನ್ನಬಸು ಇಬ್ಬರೂ ಮಾಲತೇಶನ ಊರಿನ ಗೆಳೆಯರು, ಬಿ.ಎ. ಓದುವವರು. ಇಬ್ಬರ ಸೆಕ್ಷನ್ನೂ ಬೇರೆ ಬೇರೆ. ಮಹೇಶನಿಗೆ ಕ್ರಿಕೆಟ್, ಚನ್ನಬಸುವಿಗೆ ರಾಣೆಬೆನ್ನೂರಿನ ಸಿನಿಮಾ. ಮಹೇಶ ಒಂದು ದಿನ ನನ್ನ ಹೆಸರಿಗೆ ‘ಎಸ್ ಮೇಡಂ’ ಅಂದುಬಿಡು ಎಂದು ಕೇಳಿದ. ಮಾಲತೇಶ ಹೋಗಿ ಅಂದ. ಅಂದವನು ಹಾಜರಿ ಮುಗಿದ ಮೇಲೆ ಎದ್ದು ಬರಬೇಕೋ ಬೇಡವೋ? ನಡುವೆ ಎದ್ದು ಹೋದರೆ ಮೇಡಂಗೆ ಬೇಸರವಾಗುತ್ತದೆ ಎಂದು ಕುಳಿತುಬಿಟ್ಟ. ಮರುದಿನವೂ ಕೇಳಿದ, ಇವನು ಮರುದಿನವೂ ಹೋದ. ಆಮೇಲೆ ಚನ್ನಬಸುವೂ ಕೇಳಿದ. ಬೆಳಗ್ಗೆ ಮಹೇಶನಾಗಿ ಇತಿಹಾಸ ಕೇಳಿ, ಮಧ್ಯಾಹ್ನ ಚನ್ನಬಸುವಾಗಿ ಕನ್ನಡ ಕೇಳಿ, ತನ್ನ ಕ್ಲಾಸಿಗೆ ಹೋಗಲು ಹೊತ್ತೇ ಸಿಗದೆ ವರ್ಷ ಕಳೆದಿದ್ದ. ಇಡೀ ಕಾಲೇಜಿನಲ್ಲಿ ಅವನಷ್ಟು ಕ್ಲಾಸಿಗೆ ಬಂದ ವಿದ್ಯಾರ್ಥಿ ಇನ್ನೊಬ್ಬನಿರಲಿಲ್ಲ. ಅವನನ್ನೇ ನಾವು ಬರಲಿಲ್ಲವೆಂದು ಹೊರಗೆ ಹಾಕಲು ಕುಳಿತಿದ್ದೆವು.

ಪಾಟೀಲರ ಮುಖ ಕೆಂಪಾಯಿತು. “ನಿನಗ ಇಲ್ಲ ಅನ್ನಾಕ ಬರಂಗಿಲ್ಲೇನು?” ಎಂದರು.

“ಬರಂಗಿಲ್ರಿ” ಎಂದ ಮಾಲತೇಶ.

“ಹಂಗಾರ ನಾಳಿಂದ ನಾ ಕಾಲೇಜಿಗೆ ಬರಂಗಿಲ್ಲ. ನನ್ನ ಬದ್ಲಿ ನೀನ ಬಂದು ಈ ಕುರ್ಚ್ಯಾಗ ಕುಂದ್ರತೀಯೇನು?”

ಹುಡುಗ ಒಂದು ಗಳಿಗೆ ಯೋಚಿಸಿದ. “ಎಷ್ಟ ಗಂಟೇಕ ಬರ್ಲಿರಿ?” ಎಂದು ಕೇಳಿದ.

ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದೆ. ಕನ್ನಡದ ಸರ್ ಮಿರ್ಚಿ ಗಂಟಲಿಗೆ ಸಿಕ್ಕಿ ಕೆಮ್ಮತೊಡಗಿದರು. ಪಾಟೀಲರು ಮಾತ್ರ ನಗಲಿಲ್ಲ. ನಿಯಮದ ಪುಸ್ತಕ ತೆರೆದು, ವಿದ್ಯಾರ್ಥಿ ತನ್ನ ತರಗತಿಯಲ್ಲಿ ತನ್ನ ಹೆಸರಿನಲ್ಲಿ ಹಾಜರಿರಬೇಕು, ಬೇರೆಯವರ ಹೆಸರಿನಲ್ಲಿ ಕುಳಿತದ್ದು ಲೆಕ್ಕಕ್ಕಿಲ್ಲ, ಹೆಸರು ತೆಗೆಯದೆ ಗತಿಯಿಲ್ಲ ಎಂದು ಓದಿ ಹೇಳಿದರು. ಮಾಲತೇಶ ಇನ್ನೇನು ಅಳುವುದರಲ್ಲಿದ್ದ. ಆದರೆ ಸೀನು ಅವನನ್ನು ಅಳಲೂ ಬಿಡಲಿಲ್ಲ.

ಅಲ್ಲಿಯವರೆಗೆ ಮಗನನ್ನು ಹೊಡೆಯಬೇಕೋ ತಬ್ಬಬೇಕೋ ತಿಳಿಯದೆ ಕುಳಿತಿದ್ದ ಹನುಮಂತಪ್ಪನವರು ಮೆಲ್ಲಗೆ ಕೇಳಿದರು: “ಸಾಹೇಬ್ರ, ನಾ ಓದಿದಾವ ಅಲ್ಲ. ಒಂದ ಮಾತು ಕೇಳ್ತೇನಿ. ಮಂದಿ ಹೆಸರಿಲೆ ಕಲ್ತಾನಂದ್ರ, ಆ ವಿದ್ಯಾ ಮಂದೀಗೆ ಹೋತೇನ್ರಿ?”

ಪಾಟೀಲರು ಪುಸ್ತಕದಲ್ಲಿ ಇದಕ್ಕೂ ಉತ್ತರವಿದೆಯೇನೋ ಎಂದು ಎರಡು ಹಾಳೆ ತಿರುವಿ ನೋಡಿದರು, ಇರಲಿಲ್ಲ. ಇತಿಹಾಸದ ಮೇಡಂ ಹುಡುಗನಿಗೆ ಒಂದು ಪ್ರಶ್ನೆ ಕೇಳಿದರು. ಅವನು ಸೀನುಗಳ ನಡುವೆ, ರಾಜ, ರಾಣಿ, ಕಂದಾಯ, ಕೆರೆ ಯಾವುದನ್ನೂ ಬಿಡದೆ ಹೇಳಿದ. ಕನ್ನಡದ ಸರ್ ಒಂದು ಹಳೆಗನ್ನಡ ಪದ್ಯದ ಅರ್ಥ ಕೇಳಿದರು. ಅದನ್ನೂ ಹೇಳಿ, ಅದರ ಮೇಲೆ ಸರ್ ಕ್ಲಾಸಿನಲ್ಲಿ ಮಾಡಿದ್ದ ಜೋಕನ್ನೂ ಹೇಳಿದ. ವಾಣಿಜ್ಯದ ಸರ್ ತಾವೂ ಒಂದು ಕೇಳೋಣವೆಂದು ಜಮಾ ಎಂದರೇನು, ಖರ್ಚು ಎಂದರೇನು ಎಂದರು. “ಸರ್, ಆ ಕ್ಲಾಸಿಗೆ ನಾ ಬಂದಿಲ್ರಿ” ಎಂದ.

ಅದಾದ ಮೇಲೆ ನಡೆದದ್ದನ್ನು ಟಿಪ್ಪಣಿಯಲ್ಲಿ ಹೇಗೆ ಬರೆಯಬೇಕೋ ನನಗೆ ತಿಳಿಯಲಿಲ್ಲ. ಹೊರಗೆ ಹಾಕಲು ಕುಳಿತ ಸಮಿತಿ, ಹುಡುಗ ಯಾರಿಗೆ ಸೇರಬೇಕೆಂದು ಜಗಳಕ್ಕೆ ಬಿತ್ತು. ಮಹೇಶನನ್ನು ಬಿ.ಎ.ಗೆ ಹಾಕಿ, ನನ್ನ ವಿಷಯದಲ್ಲಿ ಮುಂದೆ ಬರುತ್ತಾನೆ ಎಂದು ಮೇಡಂ. ಚನ್ನಬಸುವಿನ ಕೈಯಲ್ಲಿ ಇರುವುದು ಸಾಹಿತ್ಯ, ಅದನ್ನು ಹಾಳು ಮಾಡಬೇಡಿ ಎಂದು ಕನ್ನಡದ ಸರ್. ಇಬ್ಬರ ಬಾಯಲ್ಲೂ ಅವನ ನಿಜವಾದ ಹೆಸರು ಬರಲೊಲ್ಲದು. ಪಾಟೀಲರು ಮೇಜು ಗುದ್ದಿ ತೀರ್ಪು ಕೊಟ್ಟರು: ಬಿ.ಕಾಂ.ನಿಂದ ಹೆಸರು ತೆಗೆಯುವುದೇ ಸರಿ, ಬರುವ ಜೂನ್‌ನಲ್ಲಿ ಬಿ.ಎ. ಮೊದಲ ವರ್ಷಕ್ಕೆ ಹೊಸದಾಗಿ ಅರ್ಜಿ ಹಾಕಿದರೆ ಕಾಲೇಜಿನ ತಕರಾರಿಲ್ಲ. ಮಹೇಶ, ಚನ್ನಬಸು ನಾಳೆಯಿಂದ ನಿಗಾದಲ್ಲಿ. ಹನುಮಂತಪ್ಪನವರು ಮಾತ್ರ ಬಿ.ಎ. ಗಿ.ಎ. ಏನೂ ಬೇಡ, ಒಂದು ವರ್ಷ ಹಾಳಾದದ್ದು ಸಾಕು, ಇನ್ನು ಅಂಗಡಿಯೇ ಗತಿ ಎಂದು ಮಗನ ರಟ್ಟೆ ಹಿಡಿದು ಕರೆದುಕೊಂಡು ಹೋದರು. ಬಾಗಿಲಲ್ಲಿ ಹುಡುಗ ತಿರುಗಿ ನನ್ನನ್ನು ನೋಡಿದ. ಆ ಮುಖ ನೋಡಿ ನನಗೆ ಆ ದಿನ ಊಟ ಸೇರಲಿಲ್ಲ.

ಎರಡು ತಿಂಗಳೂ ಆಗಿರಲಿಲ್ಲ, ಹನುಮಂತಪ್ಪನವರು ತಾವೇ ಬಂದು ನನ್ನ ಮೇಜಿನ ಮುಂದಿನ ಸ್ಟೂಲಿನ ಮೇಲೆ ಕುಸಿದು ಕುಳಿತರು. ಮುಖ ಸಣ್ಣದಾಗಿತ್ತು. ಏನಾಯ್ತೆಂದು ಕೇಳಿದೆ.

ಆದದ್ದು ಇಷ್ಟು. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಹೆಸರಿರುವುದೇ ಬಣ್ಣಕ್ಕೆ. ಕೆಂಪು ಜಾಸ್ತಿ, ಖಾರ ಕಡಿಮೆ. ಕೊಳ್ಳಲು ಬರುವವರು ಅದಕ್ಕೇ ದೂರದೂರದಿಂದ ಬರುವುದು. ಅಂಗಡಿಯೊಳಗೆ ಕಾಲಿಡುತ್ತಿದ್ದಂತೆ ಗಲ್ಲಾದ ಹತ್ತಿರ ಮಾಲೀಕನ ಮಗನೇ ಕಣ್ಣು ಮೂಗಲ್ಲಿ ನೀರು ಸುರಿಸುತ್ತಾ ಛಾವಣಿ ಹಾರಿಹೋಗುವಂತೆ ಸೀನುತ್ತಿದ್ದರೆ ಅವರು ಏನೆಂದುಕೊಳ್ಳಬೇಕು? ಅಬ್ಬಾ, ಇದು ಎಲ್ಲಿಯದೋ ಘಾಟು ಮಾಲು, ಬ್ಯಾಡಗಿ ಎಂದು ಹೇಳಿ ಮಾರುತ್ತಿದ್ದಾರೆ ಎಂದು ಚೀಲಕ್ಕೆ ಕೈಯನ್ನೂ ಹಾಕದೆ ಪಕ್ಕದ ಅಂಗಡಿಗೆ ಹೋಗುತ್ತಿದ್ದರಂತೆ. ಹುಡುಗ ಅವರ ಹಿಂದೆಯೇ ಓಡಿ “ತಪ್ಪಾತ್ರಿ” ಎನ್ನುತ್ತಿದ್ದನಂತೆ. ಅದನ್ನು ಕೇಳಿ ಅವರ ಸಂಶಯ ಗಟ್ಟಿಯಾಗುತ್ತಿತ್ತಂತೆ.

“ಅಕ್ಕಾರ, ನಿಮ್ಮ ಕಾಲಿಗೆ ಬೀಳ್ತೇನ್ರಿ” ಎಂದರು ಆ ಹಿರಿಯರು. “ಜೂನ್ ತನಕ ಕಾಯಾಕ ಆಗಂಗಿಲ್ಲ. ಈಗ ಒಳಗ ಹಾಕ್ಕೊಳ್ರಿ ಅವನ್ನ. ಯಾವ ಕ್ಲಾಸರ ಆಗ್ಲಿ.”

ನಾನು ಬೇಕೆಂದೇ ಗಂಭೀರ ಮುಖ ಮಾಡಿ, ನಿಯಮವೆಂದರೆ ನಿಯಮ, ಜೂನ್‌ನವರೆಗೂ ಕಾಯಲೇಬೇಕು ಎಂದೆ. ಅವರು ಹೋದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಜೂನ್‌ನಲ್ಲಿ ಅರ್ಜಿ ಕೊಡುವ ಕಿಟಕಿ ತೆರೆದ ದಿನ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತವರು ಹನುಮಂತಪ್ಪನವರು.

ಮೊದಲ ದಿನದ ಮೊದಲ ಕ್ಲಾಸು ಇತಿಹಾಸ. ನನಗೇನೂ ಅಲ್ಲಿ ಕೆಲಸವಿರಲಿಲ್ಲ. ಆದರೂ ಒಂದು ಸುತ್ತೋಲೆ ಕೈಯಲ್ಲಿ ಹಿಡಿದುಕೊಂಡು ಬಾಗಿಲ ಹತ್ತಿರ ಹೋಗಿ ನಿಂತೆ. ಮಾಲತೇಶ ಮುಂದಿನ ಬೆಂಚಿನಲ್ಲಿ ಹೊಸ ಅಂಗಿ ಹಾಕಿಕೊಂಡು ಕುಳಿತಿದ್ದ. ಮೇಡಂ ಹೆಸರು ಕೂಗುತ್ತಾ ಬಂದರು. “ಮಾಲತೇಶ” ಎಂದರು.

ನಮ್ಮ ಹುಡುಗ ಅಕ್ಕಪಕ್ಕ ನೋಡಿದ. ಪಾಪ, ಮಾಲತೇಶ ಎನ್ನುವವನು ಇವತ್ತು ಬಂದಿಲ್ಲವೇನೋ ಎಂಬಂಥ ಮುಖ. ಒಂದು ವರ್ಷ ಮಹೇಶನಿಗೆ, ಚನ್ನಬಸುವಿಗೆ ಎಸ್ ಅಂದೂ ಅಂದೂ, ತನ್ನ ಹೆಸರು ಕೂಗಿದರೆ ತಾನೇ ಓಗೊಡಬೇಕೆನ್ನುವುದು ಅವನಿಗೆ ಮರೆತೇ ಹೋಗಿತ್ತು. ಮೇಡಂ ಇನ್ನೊಮ್ಮೆ “ಮಾಲತೇಶ” ಎಂದರು. ಆಗ ಹಿಂದಿನ ಬೆಂಚಿನಿಂದ ಗಟ್ಟಿಯಾಗಿ “ಎಸ್ ಮೇಡಂ” ಎಂದು ಬಂತು. ಯಾರೋ ಹೊಸ ಹುಡುಗ. ಮಾಲತೇಶನ ಮುಖವನ್ನೂ ನೋಡಿದವನಲ್ಲ, ಯಾರೂ ಅವನನ್ನು ಕೇಳಿಕೊಂಡೂ ಇರಲಿಲ್ಲ. ಮೊದಲ ದಿನವೇ ಯಾವನಿಗೋ ಗೈರು ಬೀಳುತ್ತದಲ್ಲ ಎಂದು ಮರುಗಿ ಅಂದಿದ್ದ. ನಮ್ಮ ಸೀಮೆಯ ಹುಡುಗರೇ ಹೀಗೆ, ಏನು ಮಾಡುತ್ತೀರಿ.

ಮಾಲತೇಶ ಗಕ್ಕನೆ ಎದ್ದು ನಿಂತ. ಕಿವಿಯವರೆಗೂ ಕೆಂಪಾಗಿದ್ದ.

“ಮೇಡಂ, ಅಂವ ಹೇಳಿದ್ದು ಬರ್ಕೋಬ್ಯಾಡ್ರಿ” ಎಂದ. “ಮಾಲತೇಶ ನಾನ. ನಾ ಇಲ್ಲೇ ಅದೀನ್ರಿ.”

ಜೀವನದಲ್ಲಿ ಅವನು ಯಾರಿಗಾದರೂ ಬೇಡ ಎಂದದ್ದು ಅದೇ ಮೊದಲಿರಬೇಕು. ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಮೇಡಂ ಅವನ ಹೆಸರಿನ ಮುಂದೆ ಹಾಜರಿ ಹಾಕಿದರು. ನಾನು ಸುತ್ತೋಲೆ ಮಡಚಿಕೊಂಡು ಕಚೇರಿಗೆ ವಾಪಸು ಬಂದೆ.